ಇಂಡಿಯಿಂದ ಮುದ್ದೇಬಿಹಾಳಕ್ಕೆ ಎರಡು ನಿಂಬೆಹಣ್ಣು

ಸೋಮವಾರ ಬೆಳಿಗ್ಗೆ ಇಂಡಿ ಬಸ್ ನಿಲ್ದಾಣದಲ್ಲಿ ಅಮ್ಮಿ ನನ್ನ ಕೈಗೆ ಎರಡು ನಿಂಬೆಹಣ್ಣು ಕೊಟ್ಟಳು. "ಒಂದು ಶರಬತ್ತಿಗೆ. ಇನ್ನೊಂದು ನಿನ್ನ ಭಾಯಿ ನಜರ್ ತೆಗೀಲಿಕ್ಕೆ." ನಿಂಬೆಗೆ ಹೆಸರಾದ ಊರು ನಮ್ಮದು. ಬಾಯಾರಿಕೆಗೂ ನಿಂಬೆ, ಭಯಕ್ಕೂ ನಿಂಬೆ!

ಭಾಯಿ ಮುದ್ದೇಬಿಹಾಳದಲ್ಲಿ ಅಂಗಡಿ ಇಟ್ಟಿದ್ದಾನೆ. ಕಳೆದ ವರ್ಷ ಅವನಿಗೆ ನಿದ್ದೆ ಹೋಯ್ತು, ಊಟ ಸೇರದಂತಾಯ್ತು, ಅಂಗಡಿಯ ಶಟರ್ ಎತ್ತುವುದೂ ಭಾರವಾಯ್ತು. ಡಾಕ್ಟರು ಖಿನ್ನತೆ ಅಂದರು. ಮಾತ್ರೆಯಿಂದ ನಿಧಾನವಾಗಿ ಸುಧಾರಿಸಿದ. ಆದರೆ ರಂಜಾನ್ ಬಂದಾಗ ತಾನಾಗೇ ನಿಲ್ಲಿಸಿಬಿಟ್ಟ. ಸಂಬಂಧಿಕರೊಬ್ಬರು, "ನಮಾಜ್ ಸರಿಯಾಗಿ ಮಾಡಿದ್ರ ಮಾತ್ರೆ ಯಾಕ ಬೇಕು? ನಿನ್ನ ಇಮಾನ್ ಕಮ್ಮಿ ಆಗೇದ" ಅಂದಿದ್ದರಂತೆ.

ಭಾನುವಾರ ರಾತ್ರಿ ಫೋನಿನಲ್ಲಿ ಭಾಯಿ, "ನಾ ಇಲ್ಲದಿದ್ರ ಯಾರಿಗೇನು ಫರಕ್ ಆಗ್ತದ?" ಅಂದ. ನನ್ನ ಎದೆ ಝಲ್ಲೆಂದಿತು. ಭಾಭಿಗೆ ಫೋನ್ ಮಾಡಿ, "ಅವನನ್ನ ಒಬ್ಬನೇ ಬಿಡಬ್ಯಾಡ್ರಿ, ನಾ ಬರ್ತೀನಿ" ಅಂದೆ. ಉಚಿತವಾಗಿ, ಹಗಲೂ ರಾತ್ರಿಯೂ ಸಿಗುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಿದೆ. ಆ ಕಡೆಯವರು ಕನ್ನಡದಲ್ಲೇ ಸಮಾಧಾನವಾಗಿ ಕೇಳಿಸಿಕೊಂಡರು.

ಸಿಂದಗಿಯಲ್ಲಿ ಬಸ್ ಬದಲಿಸಬೇಕು. ಅಲ್ಲಿ ನನ್ನ ಹಾಸ್ಟೆಲ್ ಗೆಳತಿ ಕಾಯುತ್ತಿದ್ದಳು. ಅವಳದು ಕ್ರೈಸ್ತ ಮನೆತನ. ಚಹಾ ಕುಡಿಯುತ್ತಾ ತನ್ನಪ್ಪನ ಕತೆ ಹೇಳಿದಳು. ಪ್ರಾರ್ಥನಾ ಕೂಟದಲ್ಲಿ ಯಾರೋ "ವಿಶ್ವಾಸ ಸಾಲದು" ಅಂದದ್ದಕ್ಕೆ ಅವರು ಮಾತ್ರೆಗಳನ್ನು ಹಾಸಿಗೆ ಕೆಳಗೆ ಬಚ್ಚಿಡುತ್ತಿದ್ದರಂತೆ. ಅವರ ಮನಸ್ಸು ತಿರುಗಿಸಿದ್ದು ಚರ್ಚಿನ ಫಾದರ್. ಪ್ರತಿ ಭಾನುವಾರ ಕೈಹಿಡಿದು ಕೇಳುತ್ತಿದ್ದರು: "ಪ್ರಾರ್ಥನೆ ಮಾಡ್ರಿ. ಮಾತ್ರೆ ತಗೊಂಡ್ರಾ?"

"ಹಿಂದಕ ಆತ್ಮಹತ್ಯೆ ಮಾಡ್ಕೊಂಡವರಿಗೆ ಚರ್ಚಿನ ಅಂತ್ಯಕ್ರಿಯೆನೂ ಇರಲಿಲ್ಲ. 1983ರ ಕಥೋಲಿಕ ಧರ್ಮಸಭೆಯ ಕಾನೂನಿನಾಗ ಆ ನಿರ್ಬಂಧ ತೆಗೆದ್ರು. ಧರ್ಮನೂ ಕಲೀತದ ನೋಡು," ಅಂದಳು ಗೆಳತಿ. ಮುಂದಿನ ಬಸ್ಸು ಹತ್ತಿದರೂ ಆ ಮಾತು ಕಿವಿಯಲ್ಲೇ ಇತ್ತು.

ದೇವರ ಹಿಪ್ಪರಗಿ ದಾಟಿ ಬಸವನ ಬಾಗೇವಾಡಿಗೆ ಬಂದೆವು. ಬಸವಣ್ಣ ಹುಟ್ಟಿದ ಊರು. ಪಕ್ಕದ ಸೀಟಿನ ಅಜ್ಜಿ ನನ್ನ ತೋಳಿನ ತಾಯತ ನೋಡಿ, "ಯಾವ ದರ್ಗಾದ್ದವ್ವಾ? ನನ್ನ ಮೊಮ್ಮಗಗೂ ಒಂದು ಕಟ್ಟಿಸಬೇಕು" ಅಂದರು. ಹಣೆ ತುಂಬಾ ವಿಭೂತಿ! ನಮ್ಮ ಕಡೆ ಸಂಕಟಕ್ಕೆ ಜಾತಿ ಇಲ್ಲ, ದರ್ಗಾಕ್ಕೂ ಇಲ್ಲ. ಅದು ನನಗೆ ಇಷ್ಟ. ಆದರೆ ತಾಯತ ಕಟ್ಟಿದ ಮೇಲೆ ಆಸ್ಪತ್ರೆ ಬೇಡ ಅಂದಾಗ ಹೆದರಿಕೆಯಾಗುತ್ತದೆ. ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಆಸರೆಗೆ ಬಂದವರನ್ನು ಖಾಸಗಿ ಆಶ್ರಮವೊಂದರಲ್ಲಿ ಸರಪಳಿಯಲ್ಲಿ ಕಟ್ಟಿದ್ದರು. 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಓಡಲಾಗದೆ 28 ಮಂದಿ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಹೀಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. "ತಾಯತ ಕಟ್ರಿ ಅಜ್ಜಿ, ಡಾಕ್ಟರ್‌ಗೂ ತೋರಸ್ರಿ" ಅಂದೆ. ಅಜ್ಜಿ ತಲೆಯಾಡಿಸಿದರು.

ಮುದ್ದೇಬಿಹಾಳ ಮುಟ್ಟಿದಾಗ ಭಾಯಿ ಗೋಡೆ ಕಡೆ ಮುಖಮಾಡಿ ಮಲಗಿದ್ದ. ನನ್ನ ವಾದ ಅವನಿಗೆ ಬೇಕಿರಲಿಲ್ಲ. ಸಂಜೆ ಭಾಭಿ ಮಸೀದಿಯ ಇಮಾಮ್ ಸಾಹೇಬರನ್ನು ಕರೆಸಿದರು. ಅವರು ಹಾಸಿಗೆ ಪಕ್ಕ ಕೂತು ದುವಾ ಮಾಡಿ, ಮೆಲ್ಲಗೆ ಹೇಳಿದರು: "ಬೇಟಾ, ಬೀಮಾರ್ ಇದ್ದವರಿಗೆ ರೋಜಾದಿಂದಲೇ ರಿಯಾಯಿತಿ ಅದ. ಶುಗರ್ ಮಾತ್ರೆ ನಾನೂ ತಗೋತೀನಿ. ನನ್ನ ಇಮಾನ್ ಕಮ್ಮಿ ಆಗೇದೇನು?"

ಭಾಯಿ ಎದ್ದು ಕೂತ. ಎಷ್ಟೋ ದಿನದ ಮೇಲೆ ಅತ್ತ.

ಮರುದಿನ ಮಂಗಳವಾರ. ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವುದು ಮಂಗಳವಾರವೇ. ಯಾವ ವಾರ ಅಂತ ಮೊದಲೇ ಕೇಳಿಕೊಳ್ಳಬೇಕು. ನಮ್ಮ ಅದೃಷ್ಟಕ್ಕೆ ಅವತ್ತು ಬಂದಿದ್ದರು. ಡಾಕ್ಟರು ಬೈಯಲಿಲ್ಲ. "ಇಂಥ ಮಾತ್ರೆ ಒಮ್ಮೆಲೇ ನಿಲ್ಲಿಸಬಾರದು. ಉಪವಾಸ ಇದ್ರ ಮೊದಲೇ ಹೇಳ್ರಿ, ಹೊತ್ತು ಬದಲಿಸಬಹುದಾ ನೋಡೋಣ" ಅಂದರು. ಇಷ್ಟೇ! ಇದನ್ನು ಕೇಳಲು ನಾಚಿಕೊಂಡು ಇಷ್ಟು ದಿನ ನರಳಿದೆವಲ್ಲ.

ಆ ರಾತ್ರಿ ಅಮ್ಮಿ ಹೇಳಿದಂತೆ ಒಂದು ನಿಂಬೆಯಿಂದ ಭಾಯಿಯ ನಜರ್ ತೆಗೆದೆ. ಇನ್ನೊಂದರ ಶರಬತ್ತು ಮಾಡಿದೆ. ಭಾಯಿ ಊಟ ಮಾಡಿ, ನೀರಿನ ಜೊತೆ ಮಾತ್ರೆ ನುಂಗಿ, ಚೀಟಿಯನ್ನು ತಸ್ಬೀಹ್ ಇಡುವ ಡಬ್ಬಿಯಲ್ಲೇ ಇಟ್ಟ. ಆಮೇಲೆ ಶರಬತ್ತಿನ ಲೋಟ ಎತ್ತಿಕೊಂಡು, "ಸಕ್ಕರಿ ಕಮ್ಮಿ ಆಗೇದ" ಅಂದ.

ಅವನು ತಕರಾರು ಮಾಡಿದ್ದಕ್ಕೆ ಅಷ್ಟು ಖುಷಿಪಟ್ಟದ್ದು ಅದೇ ಮೊದಲು.