ನಾಲ್ಕನೆಯ ತರಗತಿಯ ತಕರಾರು

ನವೆಂಬರ್ 6, 2024
ಹತ್ತಿ ಬಿಡಿಸುವ ಕಾಲ. ನಾಲ್ಕನೆಯ ತರಗತಿ ಅರ್ಧ ಖಾಲಿ. ಬಂದವರಲ್ಲೂ ಕೆಲವರಿಗೆ ಒತ್ತಕ್ಷರ ಬರುವುದಿಲ್ಲ. ಬಿಸಿಯೂಟದ ಹೊತ್ತಿಗೆ ಆ ತರಗತಿಯ ಸರ್ ಎಲ್ಲರಿಗೂ ಕೇಳುವಂತೆ ಅಂದರು: “ಮೂರು ವರ್ಷ ನಲಿ-ಕಲಿಯಾಗ ಬರೇ ಹಾಡು ಹಾಡಿಸ್ಯಾರ.” ಒಂದರಿಂದ ಮೂರನೆಯ ತರಗತಿಯವರನ್ನು ಒಟ್ಟಿಗೆ ಕೂರಿಸಿ ಕಲಿಸುವ ನಲಿ-ಕಲಿ ಟೀಚರ್ ಸೌಟು ಕೆಳಗಿಟ್ಟು ಒಳಗೆ ಹೋದರು. ಇಬ್ಬರನ್ನೂ ಕೂರಿಸಿ ನ್ಯಾಯ ಹೇಳಲು ನನಗೆ ಮನಸ್ಸಿಲ್ಲ. ಹೆಡ್‌ಮಾಸ್ತರ್ ನ್ಯಾಯ ಹೇಳಿದ ದಿನವೇ ಸ್ಟಾಫ್ ರೂಮು ಎರಡು ಪಾರ್ಟಿಯಾಗುತ್ತದೆ.

ನವೆಂಬರ್ 8
ಸರ್‌ಗೆ ಹೇಳಿದೆ: “ವರದಿ-ಗಿರದಿ ಏನಿಲ್ಲ. ಒಂದು ಪಿರಿಯಡ್ ನಲಿ-ಕಲಿ ಕ್ವಾಣ್ಯಾಗ ಕುಂತು ಬರ್ರಿ.” ಟೀಚರನ್ನು ಮೊದಲೇ ಕೇಳಿದ್ದೆ, ಕೇಳದೆ ಕಳಿಸಿದ್ದರೆ ಅದು ತಪಾಸಣೆಯೇ. ಅಲ್ಲಿ ಮಕ್ಕಳು ಅ ಆ ಇ ಈ ಅಲ್ಲ, ರ ಗ ಸ ದ ಅ ಎಂದು ಶುರು ಮಾಡುವುದನ್ನು ಸರ್ ಕುತೂಹಲದಿಂದ ನೋಡಿದರು. ಟೀಚರ್ ಬೀರುವಿನಿಂದ ಹಳೆಯ ಪ್ರಗತಿ ನೋಟಗಳನ್ನು ತೆಗೆದು ಹರಡಿದರು. ಒಬ್ಬ ಹುಡುಗನ ಗುರುತು ದೀಪಾವಳಿಗೆ ನಿಂತಿದೆ, ಸಂಕ್ರಾಂತಿ ದಾಟಿದ ಮೇಲೆ ಮುಂದುವರಿದಿದೆ. ಮೂರೂ ವರ್ಷ ಹಾಗೆಯೇ. “ಇಲ್ಲಿ ಬಿಟ್ಟಲ್ಲಿಂದ ಹಿಡೀತಾನ್ರಿ ಸರ. ನಾಕನೇತ್ತಕ್ಕ ಬಂದ ಮ್ಯಾಲೆ ಪುಸ್ತಕ ಅವನಿಗಾಗಿ ಕಾಯಂಗಿಲ್ಲ.” ಸರ್ ಉತ್ತರ ಕೊಡಲಿಲ್ಲ, ಹಾಳೆಗಳನ್ನು ಮನೆಗೆ ಒಯ್ದರು.

ನವೆಂಬರ್ 11
ಚೀಕಲಪರ್ವಿಯ ವಿಜಯದಾಸರ ಆರಾಧನೆ. ಮಾನ್ವಿಯ ಶ್ರೀನಿವಾಸಾಚಾರ್ಯರು ಹೊಟ್ಟೆನೋವೆಂದು ಬಂದಾಗ ದಾಸರು ಅವರನ್ನು ತಮ್ಮ ಶಿಷ್ಯ ಗೋಪಾಲದಾಸರ ಕಡೆಗೆ ಕಳಿಸಿದರೆಂದು ಪ್ರತೀತಿ. ಆಚಾರ್ಯರೇ ಮುಂದೆ ಜಗನ್ನಾಥದಾಸರಾಗಿ ‘ಹರಿಕಥಾಮೃತಸಾರ’ ಬರೆದವರು. ನಮ್ಮ ಶಾಲೆಯಲ್ಲಿ ಒಂದು ಮಗುವನ್ನು ಪಕ್ಕದ ಕೋಣೆಗೆ ಕಳಿಸುವುದೂ ಮರ್ಯಾದೆ ಪ್ರಶ್ನೆ!

ನವೆಂಬರ್ 13
ಸರ್ ತಾವಾಗಿಯೇ ಬಂದು, ಹಿಂದುಳಿದವರು ಮೊದಲ ಪಿರಿಯಡ್ ನಲಿ-ಕಲಿ ಕೋಣೆಯಲ್ಲಿ ಕೂರಲಿ ಅಂದರು. ಟೀಚರ್ ಒಪ್ಪಿದರು, ಒಂದು ಷರತ್ತಿನ ಮೇಲೆ: ಅವರ ಮೂರನೆಯ ತರಗತಿಯ ಗಣಿತ ಸರ್ ತಗೋಬೇಕು. “ಸಿಆರ್‌ಪಿ ಕೇಳಿದ್ರ?” ಎಂದು, ಶಾಲೆ ನೋಡಲು ಬರುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯದೇ ಇಬ್ಬರಿಗೂ ಚಿಂತೆ. ಆದರೆ 1995ರಲ್ಲಿ ಎಚ್.ಡಿ. ಕೋಟೆಯ ಮೇಷ್ಟ್ರುಗಳು ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ಕಲಿಕೆಯ ಕಾರ್ಡುಗಳನ್ನು ತಾವೇ ಕೂತು ಮಾಡಿದ್ದರಿಂದಲೇ ನಲಿ-ಕಲಿ ಹುಟ್ಟಿದ್ದು. ಅಧಿಕಾರಿಗಳು ಅವರನ್ನು ನಂಬದಿದ್ದರೆ ಅದು ಆಗುತ್ತಿರಲಿಲ್ಲ. ಹೊಸ ವೇಳಾಪಟ್ಟಿ ಬರೆದು ಸಹಿ ಹಾಕಿದ್ದೇನೆ. ಯಾರು ಕೇಳಿದರೂ ಉತ್ತರ ಕೊಡಬೇಕಾದವನು ನಾನು, ಅವರಿಬ್ಬರಲ್ಲ.