ಕೋಂಕ್: ವಿಶ್ವಾಸ ಉಳಿದ ಊರು

ಫ್ರಾನ್ಸ್ ಎಂದೊಡನೆ ಬಹುಮಂದಿಗೆ ನೆನಪಾಗುವುದು ಪ್ಯಾರಿಸ್ ಮಹಾನಗರ. ನಮ್ಮ ಮನಸ್ಸಿನಲ್ಲಿ ನೆಲೆನಿಂತದ್ದು ಮಾತ್ರ ಆ ದೇಶದ ದಕ್ಷಿಣ ಭಾಗದ ಅವೇರೋನ್ ಪ್ರಾಂತದಲ್ಲಿರುವ ಕೋಂಕ್ ಎಂಬ ಪುಟ್ಟ ಗ್ರಾಮ. ಊಶ್ ಎಂಬ ತೊರೆಯು ದೂರ್ದು ನದಿಯನ್ನು ಕೂಡುವ ಕಣಿವೆಯ ಮೇಲ್ಗಡೆ, ಬೆಟ್ಟದ ಇಳಿಜಾರಿಗೆ ಅಂಟಿಕೊಂಡಂತೆ ಈ ಊರಿದೆ. ಕಣಿವೆಯ ಆಕಾರ ಚಿಪ್ಪಿನಂತಿರುವುದರಿಂದ ಊರಿಗೆ ಈ ಹೆಸರು ಬಂತೆಂದು ಹೇಳುತ್ತಾರೆ. ಲ್ಯಾಟಿನ್ನಿನ ಕೋಂಕಾ ಶಬ್ದಕ್ಕೂ ನಮ್ಮ ಶಂಖ ಶಬ್ದಕ್ಕೂ ನಂಟುಂಟೆಂಬುದು ಭಾಷಾಶಾಸ್ತ್ರಜ್ಞರ ಮತ.

ನದಿಯ ಹಳೆಯ ಕಲ್ಲುಸೇತುವೆಯ ಬಳಿ ವಾಹನದಿಂದಿಳಿದು ಏರುದಾರಿ ಹಿಡಿದೆವು. ಅರವತ್ತು ದಾಟಿದ ಮೊಣಕಾಲುಗಳು ಹೆಜ್ಜೆಹೆಜ್ಜೆಗೂ ವಿಶ್ರಾಂತಿ ಬೇಡಿದವು. ಬೆನ್ನಿಗೆ ಗಂಟುಕಟ್ಟಿಕೊಂಡ ಯಾತ್ರಿಕರು ನಮ್ಮೆದುರು ಇಳಿದು ಬರುತ್ತಿದ್ದರು. ಲ ಪ್ವಿಯಿಂದ ಸ್ಪೇನಿನ ಸಾಂತಿಯಾಗೊ ಕ್ಷೇತ್ರಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರಿಗೆ ಇದು ಶತಮಾನಗಳ ಬೀಡು. ಮರದ ತೊಲೆಗಳು ಹೊರಗೆ ಕಾಣುವ ಮನೆಗಳು, ಕಲ್ಲುಚಪ್ಪಡಿ ಹೊದಿಸಿದ ಬೂದುಬಣ್ಣದ ಮಾಡುಗಳು. ಅವುಗಳ ನಡುವೆ ಸಾಂತ್ ಫ್ವಾ ದೇವಾಲಯ.

ಫ್ವಾ ಎಂದರೆ ಫ್ರೆಂಚ್ ಭಾಷೆಯಲ್ಲಿ ವಿಶ್ವಾಸ. ಧರ್ಮಕ್ಕಾಗಿ ಆಜಾನ್ ಪಟ್ಟಣದಲ್ಲಿ ಪ್ರಾಣ ತೆತ್ತಳೆನ್ನಲಾದ ಬಾಲೆಯ ಹೆಸರದು. ಅವಳ ಅಸ್ಥಿಗಳು ಇಲ್ಲಿಗೆ ಬಂದ ಬಗೆಯೇ ವಿಚಿತ್ರ. ಒಂಬತ್ತನೆಯ ಶತಮಾನದಲ್ಲಿ ಕೋಂಕಿನ ಸಂನ್ಯಾಸಿಯೊಬ್ಬನು ಆಜಾನಿನವರ ನಂಬಿಕೆ ಗಳಿಸಿ, ಸಮಯ ಸಾಧಿಸಿ ಅವನ್ನು ಕದ್ದು ತಂದನೆಂದು ಪರಂಪರೆ ಹೇಳುತ್ತದೆ. ವಿಶ್ವಾಸವೆಂಬ ಹೆಸರಿನವಳು ವಿಶ್ವಾಸದ್ರೋಹದಿಂದ ಬಂದಳು! ಅಸ್ಥಿಗಳನ್ನಿರಿಸಿದ, ಚಿನ್ನದ ತಗಡು ಹೊದಿಸಿ ರತ್ನ ಕೂರಿಸಿದ 85 ಸೆಂಟಿಮೀಟರ್ ಎತ್ತರದ ಮೂರ್ತಿಯನ್ನು ಭಂಡಾರಗೃಹದಲ್ಲಿ ನೋಡುತ್ತ ನಿಂತಾಗ ನಮ್ಮ ಮನಸ್ಸು ಕಸಿವಿಸಿಗೊಂಡಿತು.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. 1789ರ ಕ್ರಾಂತಿಯ ನಂತರ ದೇವಾಲಯಗಳ ಚಿನ್ನಬೆಳ್ಳಿಯನ್ನು ಕರಗಿಸಲು ಅಧಿಕಾರಿಗಳು ಹೊರಟರು. ಆಗ ಗ್ರಾಮಸ್ಥರು ಭಂಡಾರದ ಒಡವೆಗಳನ್ನು ಹಂಚಿಕೊಂಡು, ತೋಟಗಳಲ್ಲಿ, ಚೆಸ್ಟ್‌ನಟ್ ಕಾಯಿ ಒಣಗಿಸುವ ಕೊಟ್ಟಿಗೆಗಳಲ್ಲಿ ಬಚ್ಚಿಟ್ಟರಂತೆ. ಸಿರಿವಂತರ ಊರಲ್ಲ ಅದು. ಬೆಟ್ಟದ ಬಡ ರೈತರ ಊರು. ಬಿರುಗಾಳಿ ಅಡಗಿದ ಮೇಲೆ ಅವರು ಬಚ್ಚಿಟ್ಟದ್ದನ್ನು ತಂದೊಪ್ಪಿಸಿದರು. ಕಳವಿನಿಂದ ಆರಂಭವಾದ ಮಹಿಮೆಯನ್ನು ಪ್ರಾಮಾಣಿಕತೆ ಉಳಿಸಿತು.

ದೇವಾಲಯದ ಬಾಗಿಲ ಮೇಲೆ ಹನ್ನೆರಡನೆಯ ಶತಮಾನದ ಅಂತಿಮ ನ್ಯಾಯತೀರ್ಪಿನ ಶಿಲ್ಪವಿದೆ. ನೂರಿಪ್ಪತ್ತನಾಲ್ಕು ಆಕೃತಿಗಳಲ್ಲಿ ನಮ್ಮ ಕಣ್ಣು ನಿಂತದ್ದು ಹಣದ ಚೀಲ ಕೊರಳಲ್ಲಿ ತೂಗುತ್ತ ನೇಣುಬಿದ್ದ ಲೋಭಿಯ ಮೇಲೆ. ಆ ರೈತರು ದಿನವೂ ಇದನ್ನು ನೋಡುತ್ತ ಬೆಳೆದವರಲ್ಲವೆ? ಒಳಗೆ ಪಿಯೆರ್ ಸೂಲಾಜ್ ಎಂಬ ಕಲಾವಿದರು ರೂಪಿಸಿ 1994ರಲ್ಲಿ ಪೂರ್ಣಗೊಂಡ ಬಣ್ಣವಿಲ್ಲದ ಗಾಜಿನ ಕಿಟಕಿಗಳಿವೆ. ಸಂಜೆಯ ಬೆಳಕು ಅವುಗಳಲ್ಲಿ ಕ್ಷಣಕ್ಷಣಕ್ಕೂ ಬದಲಾಗುತ್ತಿತ್ತು.

ರಾತ್ರಿ ಯಾತ್ರಿಕರ ತಂಗುದಾಣದಲ್ಲಿ ತರಕಾರಿ ಸಾರು, ಬ್ರೆಡ್ಡು. ಉದ್ದನೆಯ ಮೇಜಿನ ಸುತ್ತ ಅಪರಿಚಿತರೆಲ್ಲ ಒಟ್ಟಿಗೆ ಕುಳಿತಾಗ, ಮಠದ ಪಂಕ್ತಿಯಲ್ಲಿ ಉಂಡು ಬೆಳೆದ ನಮಗೆ ಪರದೇಶವೆನಿಸಲಿಲ್ಲ. ಆದರೆ ನಿದ್ರೆ ಬೇಗ ಹತ್ತಲಿಲ್ಲ. ನಾವು ವಿದ್ಯೆ ಕಲಿತ ಮಠದ ಗ್ರಂಥಭಂಡಾರದಿಂದ ಮೂವತ್ತು ವರ್ಷಗಳ ಹಿಂದೆ ಎರವಲು ತಂದ ಒಂದು ಗ್ರಂಥ ನಮ್ಮ ಕಪಾಟಿನಲ್ಲೇ ಉಳಿದಿತ್ತು. ಕೇಳುವವರಾರೂ ಇರಲಿಲ್ಲ, ಆದ್ದರಿಂದ ಕ್ರಮೇಣ ಅದು ನಮ್ಮದೇ ಎನಿಸಿಬಿಟ್ಟಿತ್ತು.

ಊರಿಗೆ ಮರಳಿದ ವಾರದಲ್ಲೇ ಅದನ್ನು ಒಯ್ದು ಒಪ್ಪಿಸಿ ಬಂದೆವು.