ಮೀಸೆಯುಳ್ಳ ತಾಯಿ

ಮಕ್ಕಳೇ, ಅಂಗನವಾಡಿಯಲ್ಲಿ ಗಂಡಸರು ಕಲಿಸುವುದನ್ನು ನೋಡಿದ್ದೀರಾ? ಇಲ್ಲ, ಅಲ್ಲವೇ? ಆ ಹುದ್ದೆ ಮಹಿಳೆಯರಿಗೇ ಮೀಸಲು. ಆದರೆ ಒಂದನೇ ತರಗತಿಗೆ ಗಂಡಸರೂ ಶಿಕ್ಷಕರಾಗಬಹುದು. ನಾನು ಪುಟಾಣಿಗಳ ಮೇಷ್ಟ್ರಾಗುತ್ತೇನೆ ಎಂದಾಗ ನಮ್ಮಜ್ಜಿ, "ಮಕ್ಕಳ ಮೂಗು ಒರೆಸೋದು ಗಂಡಸರ ಕೆಲಸವೇನೋ?" ಎಂದು ನಕ್ಕಿದ್ದರು. ನನಗೆ ನಾಚಿಕೆಯಾಗಿತ್ತು.

ಆಗ ಗಿಜುಭಾಯಿ ಬಧೇಕಾ ಅವರ ಬಗ್ಗೆ ಓದಿದೆ. ಗುಜರಾತಿನಲ್ಲಿ ವಕೀಲರಾಗಿದ್ದ ಅವರು ಆ ವೃತ್ತಿ ಬಿಟ್ಟು, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಹೊಡೆಯದೆ, ಬೈಯದೆ ಕಥೆ, ಆಟಗಳಿಂದಲೇ ಕಲಿಸಿದರು. ಜನ ಅವರನ್ನು ಪ್ರೀತಿಯಿಂದ 'ಮೀಸೆಯುಳ್ಳ ತಾಯಿ' ಎಂದು ಕರೆದರು!

ವಿಜ್ಞಾನ ಏನು ಹೇಳುತ್ತದೆ ಗೊತ್ತೇ? ಆರು ವರ್ಷ ತುಂಬುವಷ್ಟರಲ್ಲಿ ಮಗುವಿನ ಮೆದುಳು ದೊಡ್ಡವರ ಮೆದುಳಿನ ಗಾತ್ರದ ಸುಮಾರು ಶೇಕಡಾ 90ರಷ್ಟು ಬೆಳೆದಿರುತ್ತದೆ. ಮಗುವನ್ನು ಮಾತನಾಡಿಸಿದಾಗ, ಆಡಿಸಿದಾಗ ಮೆದುಳಿನ ನರಕೋಶಗಳ ನಡುವಿನ ಸಂಪರ್ಕಗಳು ಬಲಗೊಳ್ಳುತ್ತವೆ. ಇದಕ್ಕೆ ಬೇಕಾದದ್ದು ಪ್ರೀತಿ ಮತ್ತು ತಾಳ್ಮೆ. ಇವು ಗಂಡಸರಲ್ಲಿ ಇಲ್ಲವೇ?

ಈಗ ನಾನು ಒಂದನೇ ತರಗತಿಯ ಮೇಷ್ಟ್ರು. ಮೊನ್ನೆ ಒಬ್ಬ ಹುಡುಗಿ ಮರೆತು ನನ್ನನ್ನು "ಅಮ್ಮಾ" ಎಂದು ಕರೆದಳು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನನಗೆ ನಾಚಿಕೆಯಾಗಲಿಲ್ಲ.

ಹುಡುಗರೇ, ಇಂದು ಸಂಜೆ ಮನೆಯ ಪುಟ್ಟ ಮಗುವಿಗೆ ಒಂದು ಕಥೆ ಹೇಳಿ. ಅದರ ಕಣ್ಣುಗಳನ್ನು ಗಮನಿಸಿ. ಈ ಕೆಲಸ ನಿಮಗೂ ಇಷ್ಟವಾಗಬಹುದು!